ಹೊಸ್ತಿಲಿದ್ದ ಗಾಡಿ

ಮಾರ್ಚ್ ಹನ್ನೊಂದು, ಬುಧವಾರ. ಸಂಜೆ ಆರು ನಲವತ್ತಕ್ಕೆ ಬರೆಯಲು ಕುಳಿತಿದ್ದೇನೆ.

ಇವತ್ತು ಬೆಳಿಗ್ಗೆ ಹನ್ನೊಂದೂಕಾಲಿಗೆ ನಮ್ಮ ತೂಕದ ಕಟ್ಟೆಗೆ ಒಂದು ಗುಜರಿ ಲಾರಿ ಬಂತು. ಶಿಕಾರಿಪುರದಿಂದ ಆನವಟ್ಟಿ ಕಡೆಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವಲ್ಲಿ, ಲಾರಿ ಟ್ರ್ಯಾಕ್ಟರುಗಳನ್ನು ಸರಕಿನ ಸಮೇತ ತೂಗುವ ಕಟ್ಟೆ ಅದು. ಮೂರು ವರ್ಷದಿಂದ ಅಲ್ಲಿ ಕಿಟಕಿಯ ಹಿಂದೆ ಕೂತು ಚೀಟಿ ಕೊಡುವವಳು ನಾನು. ಮೆಕ್ಕೆಜೋಳ, ಭತ್ತ, ಶುಂಠಿ, ಇಟ್ಟಿಗೆ ಅಂತ ದಿನಕ್ಕೆ ಮೂವತ್ತು ನಲವತ್ತು ಗಾಡಿ ಬರುತ್ತವೆ. ತಲೆ ಎತ್ತಿ ಸರಕು ನೋಡುವ ಅಭ್ಯಾಸ ಯಾವಾಗಲೋ ತಪ್ಪಿಹೋಗಿದೆ. ಇವತ್ತು ನೋಡಿದೆ. ಮುರಿದ ಸೈಕಲ್ಲು, ಸೊಟ್ಟಾದ ಡಬ್ಬಿಗಳ ಮೇಲೆ ಒಂದು ಪುಟ್ಟ ಮನೆ ಮಗ್ಗುಲಾಗಿ ಮಲಗಿತ್ತು. ನೀಲಿ ತಗಡಿನ ಗೋಡೆ, ಹಸಿರು ಬಾಗಿಲು, ಬಾಗಿಲ ಬುಡದಲ್ಲಿ ಹಲಸಿನ ಮರದ ದಪ್ಪ ಹೊಸ್ತಿಲು. ಹೊಸ್ತಿಲಿನ ಮೇಲೆ ಅರಿಶಿನದ ಕಲೆ ಇನ್ನೂ ಉಳಿದಿತ್ತು.

"ಸರಕು ಏನಂತ ಬರೀಲಿ?" ಎಂದು ಲಾರಿಯವನನ್ನು ಕೇಳಿದೆ. ಕೇಳುವ ಅಗತ್ಯವಿರಲಿಲ್ಲ.

"ಗುಜರಿ ಅಂತ ಬರೀರಿ ಮೇಡಂ. ಮತ್ತೇನು, ಮನಿ ಅಂತ ಬರೀತೀರೇನು?" ಎಂದು ನಕ್ಕ.

ಅದೇ ತಗಡು ಅದೇ ಬಾಗಿಲು ಇದೇ ಕಟ್ಟೆಯ ಮೇಲೆ ಎಷ್ಟೋ ಸಲ ನಿಂತಿವೆ, ಅಷ್ಟು ಸಲವೂ ಚೀಟಿಯಲ್ಲಿ ಸರಕು ಅನ್ನುವ ಕಡೆ ನಾನು ‘ಮನೆ’ ಅಂತಲೇ ಬರೆದಿದ್ದೇನೆ ಎಂಬುದು ಅವನಿಗೆ ಹೇಗೆ ಗೊತ್ತಿರಬೇಕು.

ಹಾಗೆ ಬರೆಸಿಕೊಂಡವರ ಹೆಸರು ಇಲ್ಲಿ ಬೇಡ. ನಮ್ಮ ಬೀದಿಯಲ್ಲಿ ಅವರು ಎಲ್ಲರಿಗೂ ಡ್ರೈವರ್ ಮಾವ. ನಮ್ಮ ಮನೆಯಿಂದ ನಾಲ್ಕನೇ ಮನೆ. ಈ ಜನವರಿಯಲ್ಲಿ ತೀರಿಕೊಂಡರು. ಆವತ್ತು ದಿನಚರಿಯಲ್ಲಿ ಒಂದೇ ಸಾಲು ಬರೆದು ಮಲಗಿದ್ದೆ. ಈಗ ಆ ಹೊಸ್ತಿಲು ನೋಡಿದ ಮೇಲೆ ಒಂದು ಸಾಲು ಸಾಲದು ಅನ್ನಿಸುತ್ತಿದೆ.

ಕುಳ್ಳಗೆ ಗಟ್ಟಿಮುಟ್ಟಾಗಿದ್ದರು. ಬಲಗೈ ಎಡಗೈಗಿಂತ ಕಪ್ಪಗಿತ್ತು; ಮೂವತ್ತು ವರ್ಷ ಗಾಡಿಯ ಕಿಟಕಿಯಿಂದ ಹೊರಗಿಟ್ಟ ಕೈ ಅದು. ಸ್ವಂತದ ಒಂದು ನೀಲಿ ಪಿಕಪ್ ಇತ್ತು. ಇಲ್ಲಿಂದ ಶುಂಠಿ, ಜೋಳ ತುಂಬಿಕೊಂಡು ಸೊರಬ, ಸಾಗರ ದಾಟಿ, ಘಟ್ಟ ಇಳಿದು ಹೊನ್ನಾವರಕ್ಕೆ ಹೋಗುವುದು, ಬರುವಾಗ ಹೆಂಚೋ ತೆಂಗಿನಕಾಯೋ ತರುವುದು. ಗಾಡಿ ಶುರು ಮಾಡುವ ಮುಂಚೆ ಬಾನೆಟ್ಟಿನ ಮೇಲೆ ಎರಡು ಸಲ ತಟ್ಟುತ್ತಿದ್ದರು, ಎತ್ತಿನ ಬೆನ್ನು ತಟ್ಟಿದ ಹಾಗೆ. ಹಿಂದಕ್ಕೆ ತೆಗೆದುಕೊಳ್ಳುವುದರಲ್ಲಿ ಅವರಷ್ಟು ಪಳಗಿದವರನ್ನು ನಾನು ಕಂಡಿಲ್ಲ. ನಮ್ಮ ಬೀದಿಯ ಕಿರಿದಾದ ತಿರುವಿನಲ್ಲಿ ಒಂದೇ ಏಟಿಗೆ ಹಿಂದೆ ಬಂದು ಮನೆ ಮುಂದೆ ನಿಲ್ಲಿಸುತ್ತಿದ್ದರು, ಆಚೆ ಈಚೆ ನೋಡದೆ, ಬೀಡಿ ಬಾಯಲ್ಲೇ ಇಟ್ಟುಕೊಂಡು.

ಅವರಿಗೆ ಬಾರದ ಕೆಲಸ ಒಂದೇ. ಯಾರಿಗೂ ‘ಬೇಡ’ ಅನ್ನುವುದು. ಈಸೂರಿನ ಅಣ್ಣ ಮನೆ ಕಟ್ಟಿದಾಗ ಕಲ್ಲು, ಮರಳು ಎಲ್ಲ ಇವರ ಗಾಡಿಯಲ್ಲೇ ಹೋಯಿತು. ಆನವಟ್ಟಿಯ ತಂಗಿ ಬಾಡಿಗೆ ಮನೆ ಬದಲಾಯಿಸಿದಾಗಲೆಲ್ಲ ಸಾಮಾನು ಹೊತ್ತದ್ದು ಇದೇ ಗಾಡಿ. ಹೆಂಡತಿಯ ತಮ್ಮ ಹೊಸಬಾಳೆಯಲ್ಲಿ ಗಾರೆ ಕೆಲಸದವನು. ಅವನ ಸಿಮೆಂಟು, ಜಲ್ಲಿಗೂ ಇದೇ. ಬಂಧುಗಳಿಂದ ಬಾಡಿಗೆ ತೆಗೆದುಕೊಂಡವರಲ್ಲ. ಕೊಡಲು ಬಂದರೆ "ಇರ್ಲಿ ಬಿಡ್ರಿ" ಎಂದು ಬಾನೆಟ್ಟು ತಟ್ಟಿ ಹೊರಟುಬಿಡುತ್ತಿದ್ದರು. ಹೊಗಳಿದರೂ ಅದೇ ಮಾತು, ಬೈದರೂ ಅದೇ ಮಾತು.

ಮಕ್ಕಳಿರಲಿಲ್ಲ. ಅವರ ಮನೆಯವರನ್ನು ನಾನು ಅತ್ತೆ ಅನ್ನುತ್ತಿದ್ದೆ. ನಾನು ಈ ಕೆಲಸಕ್ಕೆ ಸೇರುವ ಹೊತ್ತಿಗಾಗಲೇ ಅತ್ತೆಗೆ ಲಕ್ವ ಹೊಡೆದು ಒಂದು ವರ್ಷವಾಗಿತ್ತು. ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಾತು ಎಳೆದೆಳೆದು ಬರುತ್ತಿತ್ತು, ಆದರೆ ಬಂದಾಗ ಚುರುಕಾಗೇ ಬರುತ್ತಿತ್ತು. ಸಂಜೆ ನಾನು ಹೋಗಿ ಕೂತರೆ "ಬಾ ತೂಕದವ್ವ, ಇವತ್ತು ಎಷ್ಟು ಜನರ ಸುಳ್ಳು ತೂಗಿದೆ?" ಎನ್ನುತ್ತಿದ್ದರು. ಆ ಹೆಸರು ಇಟ್ಟವರೇ ಅವರು.

ಅತ್ತೆ ಸಮುದ್ರ ನೋಡಿರಲಿಲ್ಲ. ಗಂಡ ವಾರಕ್ಕೊಮ್ಮೆ ಹೋಗಿ ನೋಡಿ ಬರುತ್ತಿದ್ದವರು. ಮೈಯಲ್ಲಿ ಶಕ್ತಿ ಇದ್ದಾಗ ಹೋಗಬಹುದಿತ್ತು. ಸರಕಿನ ಗಾಡಿಯಲ್ಲಿ ಹೆಂಗಸು ಕೂರುವುದೇನು ಅಂತ ಆಗ ಹೋಗಲಿಲ್ಲ. ಹೇಗಿದೆ ಅಂತ ಕೇಳಿದರೆ ಡ್ರೈವರ್ ಮಾವ ಯೋಚನೆ ಮಾಡಿ ಹೇಳುತ್ತಿದ್ದದ್ದು ಒಂದೇ ಮಾತು, "ದೊಡ್ಡದೈತಿ." ಒಂದು ಸಲ ಒಂದು ಬಾಟಲಿಯಲ್ಲಿ ಸಮುದ್ರದ ನೀರು ತುಂಬಿಕೊಂಡು ಬಂದರು. ಅತ್ತೆ ನಾಲಿಗೆಗೆ ಹಚ್ಚಿ ನೋಡಿ ಬಾಟಲಿ ವಾಪಸ್ಸು ಕೊಟ್ಟರು.

"ಉಪ್ಪಿನ ನೀರು ನಮ್ಮ ಅಡಿಗೆ ಮನೇಲೂ ಐತೆ. ಅದು ಬತ್ತೈತಂತೆ, ಹೋಗ್ತೈತಂತೆ. ಅದ್ನ ತೋರ್ಸು."

ಲಕ್ವ ಹೊಡೆದ ಮೇಲೆ ಆ ಮಾತು ಅವರ ಮನೆಯಲ್ಲಿ ಬೇರೆಯೇ ಆಯಿತು. ಬಸ್ಸಿನಲ್ಲಿ ಕೂರಲಾಗದು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ತೊಳೆಯಬೇಕು, ಒರೆಸಬೇಕು. ಕಾರಿನ ಹಿಂದಿನ ಸೀಟಿನಲ್ಲಿ ಒಂದು ಸಲ ಮಲಗಿಸಿ ನೋಡಿದರು, ಸಿರಾಳಕೊಪ್ಪ ಮುಟ್ಟುವ ಮೊದಲೇ ವಾಪಸ್ಸು ಬಂದರು. ನನ್ನ ಅಮ್ಮ, "ಆಂಬುಲೆನ್ಸ್ ಮಾಡ್ಕಂಡು ಹೋಗಿ ಬರ್ರಿ, ಅದ್ರಾಗ ಮಲಗಿಸ್ಕಂಡೇ ಹೋಗ್ತಾರ" ಎಂದಳು. ಅತ್ತೆ ಒಪ್ಪಲಿಲ್ಲ.

"ಅದ್ರಲ್ಲಿ ಒಂದ್ಸಲ ಹೋಗಿದೀನಿ. ಇನ್ನೊಂದ್ಸಲ ಹೆಂಗೂ ಹೋಗ್ತೀನಿ. ನಡುವೆ ಬ್ಯಾಡ."

ಎರಡನೇ ಸಲ ಲಕ್ವ ಹೊಡೆದರೆ ಉಳಿಯುವುದು ಕಷ್ಟ ಅಂತ ಡಾಕ್ಟರು ಹೇಳಿದ್ದು ಆಚೆ ವರ್ಷದ ಮಳೆಗಾಲದಲ್ಲಿ. ಒಂದು ವಾರ ಡ್ರೈವರ್ ಮಾವ ಯಾವ ಬಾಡಿಗೆಗೂ ಹೋಗಲಿಲ್ಲ. ಅದರ ಮುಂದಿನ ಭಾನುವಾರ, ಆಗಸ್ಟ್ ಹದಿನೆಂಟು, ಪಿಕಪ್ಪಿನ ಹಿಂದಿನ ತೊಟ್ಟಿ ಬಿಚ್ಚಿಸಿ, ಬರೀ ಮೂತಿ, ಚಾಸಿ ಉಳಿದ ಗಾಡಿಯನ್ನು ಕಟ್ಟೆಯ ಮೇಲೆ ತಂದು ನಿಲ್ಲಿಸಿದರು.

"ತೂಗವ್ವ."

"ಸರಕೇ ಇಲ್ಲವಲ್ಲ ಮಾವ?"

"ಮನಿ ಕಟ್ಟಾಕ ಹತ್ತೀನಿ ಇದ್ರ ಮ್ಯಾಲೆ. ಅಕಿ ಮಲಗ್ಕಂಡು ಹೋಗಂಗ. ಈಗ ಎಷ್ಟೈತಿ ನೋಡು."

ಒಂದು ಸಾವಿರದ ನೂರ ತೊಂಬತ್ತು ಕೆ.ಜಿ. ಇತ್ತು. ಆವತ್ತೇ ಅವರು ತಮ್ಮ ಲೆಕ್ಕ ಹೇಳಿದರು. ಗಾಡಿ ಹಳೆಯದು, ಬ್ರೇಕೂ ಹಳೆಯದು. ಅವರೂ, ಅತ್ತೆಯೂ, ಮನೆಯೂ ಎಲ್ಲ ಸೇರಿ ಎರಡು ಟನ್ನಿನ ಒಳಗಿದ್ದರೆ ಘಟ್ಟ ಇಳಿಸುತ್ತಾರೆ. ಒಂದು ಕೆ.ಜಿ. ಮೇಲಾದರೂ ಇಳಿಸುವುದಿಲ್ಲ. "ಉಳಿದೋರ ಜೀವ ಆಗಿದ್ರ ನೋಡಾನ ಅಂತಿದ್ದೆ. ಅಕಿದು ಅಲ್ಲ." ಇದು ಅವರು ಬೇಡ ಅಂದ ಒಂದೇ ವಿಷಯ. ಆ ಬೇಡ ಕೂಡ ಅವರಿಗೇ ಅವರು ಹೇಳಿಕೊಂಡದ್ದು.

ಕಬ್ಬಿಣದ ಚೌಕಟ್ಟು, ತಗಡು, ಪ್ಲೈವುಡ್ ನೆಲ ಆಯಿತು. ತಲೆ ಡ್ರೈವರನ ಕಡೆ, ಕಾಲು ಹಿಂದಿನ ಬಾಗಿಲ ಕಡೆ ಬರುವ ಹಾಗೆ ಒಂದು ಮಂಚ ಆಯಿತು. ಬಾಗಿಲು ತೆರೆದರೆ ಮಲಗಿದವರಿಗೆ ನೇರ ಹೊರಗೆ ಕಾಣಬೇಕು, ಅದೇ ಆ ಮನೆಯ ಉದ್ದೇಶ. ಅಷ್ಟಕ್ಕೆ ಸಾವಿರದ ನಾನೂರ ತೊಂಬತ್ತು. ಇನ್ನೂ ಬೇಕಾದಷ್ಟು ಜಾಗವಿತ್ತು. ಬಾಗಿಲಿಗೆ ಒಂದು ಟಾರ್ಪಾಲು ಕಟ್ಟಿ, ಒಂದು ಡ್ರಮ್ಮು ನೀರು, ಒಂದು ಒಲೆ ಇಟ್ಟುಕೊಂಡು ಹೊರಡುವುದು ಅಂತ ಅವರ ಯೋಚನೆ. ದೀಪಾವಳಿಯ ಮುಂಚೆಯೇ ಹೋಗಿಬರಬಹುದಿತ್ತು.

ಆಗ ಬಂಧುಗಳಿಗೆ ಗೊತ್ತಾಯಿತು.

ನಮ್ಮ ಕಡೆ ಯಾರಾದರೂ ಮನೆ ಕಟ್ಟಿದರೆ ಬಂಧುಗಳು ಬರಿಗೈಲಿ ಬರುವಂತಿಲ್ಲ. ಅವರಿಂದ ಹಿಂದೆ ಏನು ಬಂದಿತ್ತೋ ಅದಕ್ಕೆ ತಕ್ಕ ಮುಯ್ಯಿ ಒಯ್ಯಬೇಕು. ಮೂವತ್ತು ವರ್ಷ ಎಲ್ಲರ ಮನೆಗೂ ಹೊತ್ತು ಹಾಕಿ, ಯಾರಿಂದಲೂ ಏನನ್ನೂ ತೆಗೆದುಕೊಳ್ಳದ ಮನುಷ್ಯ ಮೊದಲ ಸಲ ತಾನೊಂದು ಮನೆ ಕಟ್ಟುತ್ತಿದ್ದಾನೆ ಅಂದರೆ ಸುಮ್ಮನಿರುತ್ತಾರೆಯೇ? ಅದು ಗಾಡಿಯ ಮೇಲಿನ ಮನೆ ಎಂಬುದು ಯಾರಿಗೂ ಮುಖ್ಯವಾಗಲಿಲ್ಲ. ಮನೆ ಅಂದಮೇಲೆ ಮನೆ.

ಈಸೂರಿನ ಅಣ್ಣ ಬೆಳ್ಳಗಿನ ಮೀಸೆಯ ದೊಡ್ಡ ಮನುಷ್ಯರು. ಬದುವಿನಲ್ಲಿದ್ದ ಹಲಸಿನ ಮರ ಕಡಿಸಿ, ಬಾಗಿಲು, ಚೌಕಟ್ಟು, ಹೊಸ್ತಿಲು ಮಾಡಿಸಿ ಟ್ರ್ಯಾಕ್ಟರಿನಲ್ಲಿ ತಂದರು. ಟಾರ್ಪಾಲಿನ ಮಾತು ಕೇಳಿ ಅವರಿಗೆ ಸಿಟ್ಟೇ ಬಂತು.

"ಹೊಸ್ತಿಲ ಇಲ್ದಿದ್ದು ಮನಿ ಆಗ್ತತೇನಲೇ? ಕೊಟಿಗಿ ಆಗ್ತತಿ. ನನ್ನ ತಮ್ಮನ ಹೆಂಡ್ತಿ ಕೊಟಿಗ್ಯಾಗ ಮಲಗಬೇಕೇನು?"

"ಇರ್ಲಿ ಬಿಡಣ್ಣ, ಕೂಡ್ರಸಾನ" ಎಂದರು ಡ್ರೈವರ್ ಮಾವ. ನೂರ ಹತ್ತು ಕೆ.ಜಿ. ಏರಿತು.

ಹೊಸಬಾಳೆಯ ಭಾವಮೈದ ಬಂದು ಎರಡು ದಿನ ಇದ್ದು ಕಡಪಾ ಕಲ್ಲಿನ ಅಡಿಗೆ ಕಟ್ಟೆ ಕಟ್ಟಿದ, ಸಿಮೆಂಟು ಹಾಕಿ. "ಅಕ್ಕ ತವರಿಂದ ಏನೂ ತರ್ಲಿಲ್ಲ ಅಂತ ಯಾರೂ ಅನ್ಬಾರ್ದು ಭಾವ." ನೂರೈವತ್ತು. ಆನವಟ್ಟಿಯ ತಂಗಿ ತಾಮ್ರದ ಹಂಡೆ, ಪಾತ್ರೆ ತುಂಬಿದ ಟ್ರಂಕು, ದೇವರ ಮಂಟಪ ಇಳಿಸಿದಳು. ಇಳಿಸುತ್ತ ಅತ್ತಿಗೆಯನ್ನು ಛೇಡಿಸಿದಳು, "ನಮ್ಮ ಅತ್ತಿಗಿ ರಾಣಿ, ಮಲಗ್ಕಂಡ ಊರು ನೋಡ್ತಾಳ. ನಾವು ಹಿಂದ ಗಾಡಿ ದಬ್ಬೋರು." ಅತ್ತೆ ಒಳಗಿಂದಲೇ, "ದಬ್ಬೋಳು ಹಂಡೆ ಯಾಕೆ ಹೇರ್ತೀಯೆ?" ಎಂದರು. ಎಲ್ಲರೂ ನಕ್ಕರು. ಹಂಡೆ ಮಾತ್ರ ಏರಿತು. ತೊಂಬತ್ತು.

ಪ್ರತಿ ಸಲವೂ ಡ್ರೈವರ್ ಮಾವ ಗಾಡಿ ತಂದು ತೂಗಿಸುತ್ತಿದ್ದರು. ಒಳಗೆ ಹತ್ತುವ ಮುಂಚೆ ಚಪ್ಪಲಿ ಬಿಚ್ಚಿ ಕಟ್ಟೆಯ ಮೇಲೆ ಬಿಡುತ್ತಿದ್ದರು, ಮನೆಯಲ್ಲವೇ. ಎರಡು ಸಲ ಬಿಟ್ಟೇ ಹೋದರು. "ಚಪ್ಪಲಿನೂ ಸೇರಿಸಿ ತೂಗ್ಲಾ ಮಾವ?" ಅಂದರೆ ಹಲ್ಲು ಬಿಟ್ಟು ನಗುತ್ತಿದ್ದರು. ನಾನು ಅಂಕಿ ಹೇಳುತ್ತಿದ್ದೆ. ಅವರು ತಲೆ ಆಡಿಸುತ್ತಿದ್ದರು. ಗೊತ್ತಿಲ್ಲದೆ ಏರಿಸಿಕೊಂಡರು ಅಂತ ಯಾರೂ ಹೇಳುವಂತಿಲ್ಲ.

ಬಾಗಿಲ ದಿಕ್ಕಿನದು ಇನ್ನೊಂದು ಕಥೆ. ಅಣ್ಣನ ಪ್ರಕಾರ ಮನೆಯ ಬಾಗಿಲು ಮೂಡಲಕ್ಕೇ ಇರಬೇಕು. "ಗಾಡಿ ತಿರುಗ್ತತಲ್ಲಣ್ಣ" ಎಂದು ಇವರು ಹೇಳಿದ್ದಕ್ಕೆ "ತಿರುಗುವಾಗ ದೇವ್ರು ನೋಡ್ಕಂತಾನ. ನಿಲ್ಸುವಾಗ ನೀನು ನೋಡ್ಕ" ಎಂದು ಹೇಳಿ ಮುಗಿಸಿದರು. ಆವತ್ತಿನಿಂದ ಡ್ರೈವರ್ ಮಾವ ಎಲ್ಲಿ ನಿಲ್ಲಿಸಿದರೂ ಗಾಡಿಯ ಮೂತಿ ಪಡುವಣಕ್ಕೆ, ಹಿಂದಿನ ಬಾಗಿಲು ಮೂಡಲಕ್ಕೆ. ನಮ್ಮ ಕಟ್ಟೆಯ ಮೇಲೂ ಹಾಗೆಯೇ. ಎಲ್ಲ ಗಾಡಿಗಳು ಇಳಿಯುವ ಕಡೆಯಿಂದ ಇವರು ಹತ್ತುವರು. ಜೋಳದ ಟ್ರ್ಯಾಕ್ಟರಿನವರು ಹಾರ್ನ್ ಹೊಡೆದು, "ಏನು ಯಜಮಾನ್ರ, ತೂಕಕ್ಕೂ ಪಂಚಾಂಗ ಐತೇನು?" ಅಂತ ಕೂಗುವರು.

ಒಂದು ಸಂಜೆ ಅತ್ತೆ ನನ್ನ ಎದುರಿಗೇ ಗಂಡನನ್ನು ಕೇಳಿದರು.

"ಸಮುದ್ರ ಪಡುವಣಕ್ಕಲ್ವಾ?"

"ಹೂಂ."

"ಬಾಗ್ಲು ಮೂಡಲಕ್ಕೆ ಮಾಡಿ ನಿಲ್ಸಿದ್ರೆ ನಾನು ಅಲ್ಲಿ ಏನ್ ನೋಡ್ಲಿ? ಬಸ್ ಸ್ಟ್ಯಾಂಡಾ?"

ಡ್ರೈವರ್ ಮಾವ ಹೊರಗೆ ಯಾರಾದರೂ ಇದ್ದಾರೆಯೇ ಅಂತ ಬಗ್ಗಿ ನೋಡಿ, ದನಿ ಇಳಿಸಿ ಹೇಳಿದರು. "ಅಲ್ಲಿ ಒಂದು ದಿನ ತಿರುಗಿಸಿ ನಿಲ್ಲಿಸ್ತೀನಿ. ಸಮುದ್ರಕ್ಕ ಹಿಂಬದಿ ಮಾಡಿ, ನೀರಿನ ತನಕ ರಿವರ್ಸ್ ತಗಂತೀನಿ. ಅಣ್ಣಗ ಹೇಳಬ್ಯಾಡ."

ಅತ್ತೆ ಎಡಗೈಯಿಂದ ನನ್ನ ಕೈ ಚಿವುಟಿದರು. "ನೀನೂ ಹೇಳ್ಬ್ಯಾಡ ತೂಕದವ್ವ."

ಮನೆ ಎಂದಮೇಲೆ ಹಾಲು ಉಕ್ಕಿಸಬೇಕಲ್ಲ. ಸಂಕ್ರಾಂತಿ ಕಳೆದ ಮೂರನೇ ದಿನ ಬೀದಿಯಲ್ಲೇ ಗಾಡಿಯ ಗೃಹಪ್ರವೇಶ. ಬೀದಿ ಸ್ವಲ್ಪ ಇಳಿಜಾರು. ಹಾಲು ಮೂಡಲಕ್ಕೆ ಉಕ್ಕಬೇಕಾದದ್ದು ಪಡುವಣಕ್ಕೆ ಹರಿಯಿತು. ಅಣ್ಣ ಮುಖ ಗಂಟಿಕ್ಕಿ ಜ್ಯಾಕ್ ಏರಿಸಿ ಗಾಡಿಯನ್ನು ಸಮ ಮಾಡಿಸಿ ಇನ್ನೊಮ್ಮೆ ಉಕ್ಕಿಸಿದರು. ಆಮೇಲೆ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿ ತಂದರು. ಹೊಸ್ತಿಲ ಹತ್ತಿರ ಅಣ್ಣ ತಡೆದರು: "ಬಲಗಾಲು ಮುಂದ ಇಡಬೇಕು." ಬಿದ್ದುಹೋಗಿದ್ದ ಕಾಲು ಅದೇ. ಡ್ರೈವರ್ ಮಾವ ಬಗ್ಗಿ ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದು, ಎತ್ತಿ, ಹೊಸ್ತಿಲ ಆಚೆ ಇಟ್ಟರು. ಆ ಕಾಲಿಗೆ ಏನೂ ತಾಕಿದ್ದು ಗೊತ್ತಾಗುತ್ತಿರಲಿಲ್ಲ. ಆದರೂ ಅವರು ಬಹಳ ಮೆತ್ತಗೆ ಇಟ್ಟರು.

ಮಾರನೇ ದಿನ, ಶನಿವಾರ, ಪೂರ್ತಿ ತುಂಬಿದ ಮನೆ ಕಟ್ಟೆಗೆ ಬಂತು. ಡ್ರಮ್ಮು ತುಂಬ ನೀರು, ಸಿಲಿಂಡರು, ಮಂಚದ ಮೇಲೆ ಅತ್ತೆ, ಸ್ಟೇರಿಂಗಿನ ಹಿಂದೆ ಅವರು. ಎರಡು ಸಾವಿರದ ಎಂಬತ್ತು.

"ಎಂಬತ್ತು ಜಾಸ್ತಿ ಮಾವ."

ಅವರು ಇಳಿದು ಬಂದು ಕಿಟಕಿಯಲ್ಲಿ ಅಂಕಿ ನೋಡಿದರು. ಬೀಡಿ ಹಚ್ಚಿದರು. ಮನೆಗೆ ಹೋದರು. ನಾಲ್ಕು ಗಂಟೆಗೆ ಮತ್ತೆ ಬಂದರು. ಈ ಸಲ ಸರಿಯಾಗಿ ಎರಡು ಸಾವಿರ. ಖುಷಿಯಾಗಿ ನಾನು ಹೊರಗೆ ಓಡಿಹೋದೆ. ಬಾಗಿಲು ಇತ್ತು, ಹೊಸ್ತಿಲು ಇತ್ತು. ಕಡಪಾ ಕಲ್ಲು, ಹಂಡೆ, ಮಂಟಪ, ಟ್ರಂಕು ಎಲ್ಲ ಇದ್ದಲ್ಲೇ ಇದ್ದವು. ಗಾಡಿಯ ಕೆಳಗೆ ಬಗ್ಗಿ ನೋಡಿದೆ.

"ಸ್ಟೆಪ್ನಿ ಎಲ್ಲಿ ಮಾವ?"

"ಮನ್ಯಾಗ ಇಟ್ಟೀನಿ."

"ಜ್ಯಾಕು?"

"ಅದೂ ಮನ್ಯಾಗ. ಸಾಮಾನಿನ ಪೆಟ್ಟಿಗಿ, ಆ ಕಡಿ ಸೀಟು, ಎಲ್ಲ ಇಳಿಸೀನಿ. ಈಗ ಸರಿ ಆತಲ್ಲ?"

ಮೂವತ್ತು ವರ್ಷ ಗಾಡಿ ಓಡಿಸಿದವರು. ಬದಲಿ ಚಕ್ರವಿಲ್ಲದೆ, ಅದನ್ನು ಹಾಕುವ ಸಾಮಾನೂ ಇಲ್ಲದೆ, ಹಾಸಿಗೆ ಹಿಡಿದವರನ್ನು ಕರೆದುಕೊಂಡು ಘಟ್ಟಕ್ಕೆ ಹೊರಟಿದ್ದರು. ನನಗೆ ಸಿಟ್ಟು ಬಂತು.

"ಬಾಗಿಲೊಂದು ತೆಗೀರಿ ಮಾವ. ಪರದೆ ಕಟ್ಟಿದ್ರೆ ಸಾಕು. ಅದೊಂದೇ ನೂರ ಹತ್ತು ಐತಿ."

"ಅಣ್ಣ ಬದುವಿನ ಮರ ಕಡಿಸ್ಯಾನವ್ವ ಇದಕ್ಕ. ತೆಗದಿಟ್ಟು ಹೋದ್ರ ಹೊಳ್ಳಿ ನನ್ನ ಮುಖ ನೋಡ್ತಾನ?"

"ಹಂಗಾರ ಕಡಪಾ ಕಲ್ಲು ಒಡೀರಿ."

"ಅಕಿ ತವರಿಂದು."

"ಹಂಡೆ? ಟ್ರಂಕು? ಸಮುದ್ರದ ದಂಡ್ಯಾಗ ಹಂಡೇಲಿ ನೀರು ಕಾಸ್ತೀರಾ?"

"ತಂಗಿ ಬಂದಾಗ ಕೇಳ್ತಾಳ, ನನ್ನ ಹಂಡೆ ಎಲ್ಲಿ ಅಂತ." ಬೀಡಿ ನೆಲಕ್ಕೆ ಹಾಕಿ ಉಜ್ಜಿದರು. "ಟೈರ್ ಯಾರೂ ಕೇಳಂಗಿಲ್ಲ ನೋಡು."

ಒಳಗಿಂದ ಅತ್ತೆಯ ಎಳೆದ ದನಿ ಬಂತು. "ತೂಕದವ್ವಾ, ನನ್ನೊಬ್ಳನ್ನ ಇಳ್ಸಿದ್ರೆ ನಲವತ್ತು ಹೋಗ್ತೈತಂತೆ. ಕೇಳು ಅವರ್ನ."

ಡ್ರೈವರ್ ಮಾವ ನಗಲಿಲ್ಲ. ಬಾನೆಟ್ಟು ತಟ್ಟಿ "ಇರ್ಲಿ ಬಿಡವ್ವ" ಎಂದು ಹೊರಟರು.

ಜನವರಿ ಇಪ್ಪತ್ತು, ಸೋಮವಾರ, ಬೆಳಿಗ್ಗೆ ಆರು ಹತ್ತಕ್ಕೆ ಹೊರಟರು. ಬೀದಿಯ ಜನ ಎಲ್ಲ ನಿಂತಿದ್ದೆವು. ಅಣ್ಣ ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದರು. ಬಾಗಿಲು ಹಾಕುವ ಮುಂಚೆ ಅತ್ತೆ ಎಡಗೈ ಎತ್ತಿದರು, ನನಗೆ ಮಾತ್ರ ಕಾಣುವ ಹಾಗೆ ಬೆರಳು ಪಡುವಣಕ್ಕೆ ತೋರಿಸಿದರು. ಗಾಡಿ ತಿರುವು ದಾಟಿದ ಮೇಲೆ ನೋಡಿದರೆ ಡ್ರೈವರ್ ಮಾವನ ಚಪ್ಪಲಿ ಬೀದಿಯಲ್ಲೇ ಇದ್ದವು, ಮನೆ ಒಳಗೆ ಹತ್ತುವಾಗ ಬಿಚ್ಚಿಟ್ಟಿದ್ದು.

ಆಮೇಲಿನದು ನಾನು ಕಂಡದ್ದಲ್ಲ, ಕೇಳಿದ್ದು. ಆವತ್ತು ರಾತ್ರಿ ಹೊಸಬಾಳೆಯಲ್ಲಿ ತಂಗಿದರು. ತಮ್ಮ ಎತ್ತಿಕೊಂಡು ಒಳಗೆ ಕರೆದೊಯ್ಯಲು ಬಂದರೆ ಅತ್ತೆ ಬೇಡ ಎಂದರಂತೆ. "ನಂದೇ ಮನೆ ಐತಲ್ಲ, ನೀವೇ ಬನ್ನಿ ಒಳಗೆ" ಎಂದು ತವರಿನವರನ್ನೆಲ್ಲ ಆ ಗಾಡಿಯೊಳಗೆ ಕೂರಿಸಿಕೊಂಡು, ಕಡಪಾ ಕಟ್ಟೆಯ ಮೇಲೆ ಚಹಾ ಮಾಡಿಸಿ ಕೊಟ್ಟರಂತೆ. ಮಂಗಳವಾರ ಬೆಳಿಗ್ಗೆ ಅಲ್ಲಿಂದ ಹೊರಟರು. ಹೊಸಬಾಳೆಯಿಂದ ಸಮುದ್ರಕ್ಕೆ ನಿಧಾನವಾಗಿ ಹೋದರೂ ಒಂದು ದಿನ ಸಾಕು.

ಗುರುವಾರ ಸಂಜೆ ಸಾಗರದ ಒಂದು ಆಸ್ಪತ್ರೆಯಿಂದ ಈಸೂರಿನ ಅಣ್ಣನಿಗೆ ಫೋನ್ ಬಂತು. ಶುಕ್ರವಾರ ಅತ್ತೆ ಆಂಬುಲೆನ್ಸಿನಲ್ಲಿ ಬಂದರು. ಎರಡನೇ ಸಲ.

ಮಂಗಳವಾರ ಬೆಳಿಗ್ಗೆಯಿಂದ ಗುರುವಾರ ಸಂಜೆಯವರೆಗೆ ಅವರಿಬ್ಬರು ಎಲ್ಲಿದ್ದರು ಅನ್ನುವುದು ಯಾರಿಗೂ ಗೊತ್ತಿಲ್ಲ. ಸಾಗರ ಇರುವುದು ಘಟ್ಟದ ಮೇಲೆ. ಹೋಗುವಾಗಲೂ ಸಿಗುತ್ತದೆ, ಬರುವಾಗಲೂ ಸಿಗುತ್ತದೆ. ಚಕ್ರ ಕೈಕೊಟ್ಟು ಎರಡು ದಿನ ರಸ್ತೆ ಬದಿಯಲ್ಲೇ ನಿಂತಿರಬೇಕು ಎನ್ನುತ್ತಾನೆ ಹೊಸಬಾಳೆಯ ಭಾವಮೈದ. ಇಲ್ಲ, ನೋಡಿಕೊಂಡೇ ಬಂದಿದ್ದಾರೆ, ನೋಡಿದ ಮೇಲೇ ಜೀವ ಹೋಗಿದೆ ಎನ್ನುತ್ತಾಳೆ ಆನವಟ್ಟಿಯ ತಂಗಿ. ಇಬ್ಬರೂ ಊಹಿಸುವವರೇ. ಅಣ್ಣ ಒಂದು ಸಲ "ಗಾಡಿ ಎಲ್ಲಿ?" ಅಂತ ಕೇಳಿದರು. "ಒಂದು ಗ್ಯಾರೇಜಿನಾಗ ಐತಿ" ಅಂದರು ಡ್ರೈವರ್ ಮಾವ. ಯಾವ ಊರಿನ ಗ್ಯಾರೇಜು ಅಂತ ಹೇಳಲಿಲ್ಲ. ತರಲು ಹೋಗಲೂ ಇಲ್ಲ. ಸತ್ತ ಮನೆಯಲ್ಲಿ ಅದಕ್ಕಿಂತ ಹೆಚ್ಚು ಯಾರು ಕೇಳುತ್ತಾರೆ?

ಆಮೇಲೆ ಒಂದು ವರ್ಷ ಬದುಕಿದ್ದರು. ಸ್ಟೇರಿಂಗು ಮುಟ್ಟಲಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ, ಅತ್ತೆಯ ಮಂಚ ಇದ್ದ ಕಡೆ, ಗೋಡೆಗೆ ಆ ಸ್ಟೆಪ್ನಿ ಒರಗಿಸಿಟ್ಟಿತ್ತು. ಎದುರಿಗೆ ಕೂತು ಊಟ ಮಾಡುತ್ತಿದ್ದರು. ಬೇರೆ ಕಡೆ ಇಡೋಣ ಅಂದರೆ ನನ್ನ ಅಮ್ಮನಿಗೂ ಅದೇ ಉತ್ತರ, ಇರ್ಲಿ ಬಿಡ್ರಿ. ಹಗಲು ಹೊತ್ತು ಕಟ್ಟೆಗೆ ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. ಕೈ ತೋರಿಸಿ ಗಾಡಿಗಳನ್ನು ಸರಿಯಾಗಿ ಹತ್ತಿಸುತ್ತಿದ್ದರು, ಸ್ವಲ್ಪ ಹಿಂದೆ, ಸ್ವಲ್ಪ ಎಡಕ್ಕೆ ಅಂತ. ಚಪ್ಪಲಿ ತೆಗೆದಿಟ್ಟಿದ್ದೆ, ಕೊಟ್ಟೆ. ಹಾಕಿಕೊಂಡರು.

ಜೂನ್ ಒಂಬತ್ತರಂದು, ಗಾಡಿಗಳಿಲ್ಲದ ಹೊತ್ತಿನಲ್ಲಿ, ಧೈರ್ಯ ಮಾಡಿ ಕೇಳಿದೆ.

"ಮಾವ, ಅತ್ತೆ ಸಮುದ್ರ ನೋಡಿದ್ರಾ?"

ಅವರು ಖಾಲಿ ಕಟ್ಟೆಯನ್ನೇ ನೋಡುತ್ತಿದ್ದರು. "ಇರ್ಲಿ ಬಿಡವ್ವ" ಎಂದರು. ಎದ್ದು ಹೋದರು. ಅದನ್ನು ಹೌದು ಅಂತ ಬರೆದುಕೊಳ್ಳಲೋ ಇಲ್ಲ ಅಂತ ಬರೆದುಕೊಳ್ಳಲೋ ತಿಳಿಯದೆ, ಆ ದಿನದ ಪುಟದಲ್ಲಿ ಅವರು ಅಂದ ಮಾತನ್ನೇ ಬರೆದಿಟ್ಟಿದ್ದೇನೆ. ಮತ್ತೆ ಕೇಳಲಿಲ್ಲ. ಕೇಳಿದ್ದರೂ ಅದೇ ಹೇಳುತ್ತಿದ್ದರು.

ಈ ಜನವರಿಯಲ್ಲಿ ಒಂದು ಬೆಳಿಗ್ಗೆ ಏಳಲಿಲ್ಲ. ಹನ್ನೊಂದನೇ ದಿನದ ಕೆಲಸ ಮುಗಿದ ಮೇಲೆ ಬಂಧುಗಳು ಮನೆಯಲ್ಲಿದ್ದದ್ದನ್ನು ಹಂಚಿಕೊಂಡರು. ಟೈರ್ ಯಾರೂ ಕೇಳಲಿಲ್ಲ. ಹಿತ್ತಲಲ್ಲಿ ಬಿದ್ದಿದೆ.

ಇವತ್ತು ಗುಜರಿಯವನನ್ನು ಕೇಳಿದೆ, ಈ ಮನೆ ಎಲ್ಲಿಂದ ಬಂತು ಅಂತ.

"ಆನವಟ್ಟ್ಯಾಗ ಒಬ್ರು ಕೊಟ್ರು. ಅವರಿಗೆ ಸಾಗರದ ಕಡಿಂದ ಬಂದಿತ್ತಂತೆ. ಗಾಡಿ ಬ್ಯಾರೆ ಮಾರ್ಯಾರ, ಇದು ಬ್ಯಾರೆ ಬಂತು."

"ಘಟ್ಟದ ಮೇಲಿಂದೋ, ಕೆಳಗಿಂದೋ?"

"ಗುಜರಿಗೆ ಮ್ಯಾಲೇನು ಕೆಳಗೇನು ಮೇಡಂ."

ಎರಡು ನಿಮಿಷ ಕೊಡಿ ಎಂದು ಕೇಳಿ ಲಾರಿ ಹತ್ತಿದೆ. ಮನೆ ಮಗ್ಗುಲಾಗಿದ್ದರಿಂದ ಬಾಗಿಲಲ್ಲಿ ತಲೆ ತೂರಿಸಿ ನೋಡಬೇಕಾಯಿತು. ಹಂಡೆ, ಟ್ರಂಕು ಇರಲಿಲ್ಲ. ಕಡಪಾ ಕಲ್ಲು ಕಿತ್ತು ಸಿಮೆಂಟಿನ ಗುರುತು ಮಾತ್ರ ಉಳಿದಿತ್ತು. ನೆಲದ ಸಂದಿಗಳಲ್ಲಿ ಬೆರಳು ಹಾಕಿ ಮರಳು ಹುಡುಕಿದೆ. ಒಂದಿಷ್ಟು ಪುಡಿ ಬಂತು. ಅದು ದಾರಿಯ ಧೂಳೋ, ಸಿಮೆಂಟಿನ ಉಳಿಕೆಯೋ, ಸಮುದ್ರದ ಮರಳೋ ಹೇಳಲು ನನಗೆ ಬರುವುದಿಲ್ಲ. ಸಮುದ್ರ ನಾನೂ ನೋಡಿಲ್ಲ.

ಇಳಿದು ಬಂದು ಚೀಟಿ ಮಾಡಿದೆ. ಸರಕು: ಗುಜರಿ. ಲಾರಿ ಹೋಯಿತು.

ಇದನ್ನು ದಿನಚರಿಯಲ್ಲೇ ಬಿಡದೆ ಪತ್ರಿಕೆಗೆ ಕಳಿಸುತ್ತಿದ್ದೇನೆ. ಓದಿದವರಲ್ಲಿ ನನ್ನದೊಂದು ಕೇಳಿಕೆ. ಹೋದ ವರ್ಷ ಜನವರಿ ಇಪ್ಪತ್ತೊಂದರಿಂದ ಇಪ್ಪತ್ತಮೂರರವರೆಗೆ, ಸೊರಬ ಸಾಗರದ ದಾರಿಯಲ್ಲಾಗಲಿ, ಘಟ್ಟದಲ್ಲಾಗಲಿ, ಅದರ ಕೆಳಗಾಗಲಿ, ನೀಲಿ ತಗಡಿನ ಮನೆ ಹೊತ್ತ ಪಿಕಪ್ಪೊಂದನ್ನು ನೀವು ಕಂಡಿರಬಹುದು. ಹಸಿರು ಬಾಗಿಲು, ಹಲಸಿನ ಹೊಸ್ತಿಲು, ಒಣಗಿದ ಮಾವಿನ ತೋರಣ. ರಸ್ತೆ ಬದಿಯಲ್ಲಿ ಚಕ್ರ ಕೂತು ನಿಂತದ್ದನ್ನು ಕಂಡಿದ್ದರೂ ತಿಳಿಸಿ, ನಾನು ಅದಕ್ಕೂ ತಯಾರಾಗಿದ್ದೇನೆ. ಆದರೆ ಕಡಲ ದಂಡೆಯಲ್ಲಿ, ಬರಿಗಾಲಲ್ಲಿದ್ದ ಒಬ್ಬರು ಅಂಥ ಗಾಡಿಯನ್ನು ನೀರಿನ ಕಡೆಗೆ ಹಿಂದೆ ಹಿಂದೆ ತೆಗೆದುಕೊಂಡು, ಬಾಗಿಲು ಪಡುವಣಕ್ಕೆ ಮಾಡಿ ನಿಲ್ಲಿಸಿದ್ದನ್ನು ಯಾರಾದರೂ ಕಂಡಿದ್ದರೆ, ದಯವಿಟ್ಟು ಈ ಪತ್ರಿಕೆಗೆ ಒಂದು ಸಾಲು ಬರೆಯಿರಿ. ಬಾಗಿಲು ತೆರೆದಿತ್ತೇ, ಅಷ್ಟು ಬರೆದರೆ ಸಾಕು.